ರೈಲ ಮೋಟಾರಿನಲ್ಲಿ ಸೀರೆ ಗಂಟುಗಳು

ಸಂಜೆ ಐದೂ ಇಪ್ಪತ್ತಕ್ಕೆ ಬನಹಟ್ಟಿಯ ಸ್ಟ್ಯಾಂಡಿನಲ್ಲಿ ನಮ್ಮ ಮೋಟಾರಿನ ಬಾಗಿಲು ಮುಚ್ಚಲಿಲ್ಲ. ಕಂಡಕ್ಟರ್ ರಾಜೇಸಾಬ ಹೊರಗೆ ನಿಂತು ಹೆಗಲು ಕೊಟ್ಟು ನೂಕಿದ. ಒಳಗಿನಿಂದ ಇಬ್ಬರು ಎಳೆದರು. ಬಾಗಿಲಿಗೂ ಚೌಕಟ್ಟಿಗೂ ನಡುವೆ ಒಂದು ಸೀರೆ ಗಂಟಿನ ಮೂಲೆ ಸಿಕ್ಕಿಕೊಂಡಿತ್ತು. ಒಳಗೆ ತಳ್ಳಲು ಜಾಗವಿರಲಿಲ್ಲ, ಕೆಳಗಿಳಿಸಲು ಗಂಟಿನವರು ಒಪ್ಪಲಿಲ್ಲ. ಕೊನೆಗೆ ಆತ ಬಾಗಿಲನ್ನು ಹಗ್ಗದಿಂದ ಬಿಗಿದು ಕಟ್ಟಿ, ತಾನು ಹೊರಗೆ ಮೆಟ್ಟಿಲ ಮೇಲೆ ಜೋತು ನಿಂತು ಗಂಟೆ ಎಳೆದ. ನಾನು ಕೈಗಡಿಯಾರ ನೋಡಿಕೊಂಡೆ. ಜಮಖಂಡಿಯಲ್ಲಿ ಅಪ್ಪ ಚಹಾಕ್ಕೆ ನನ್ನ ದಾರಿ ಕಾಯುತ್ತಾರೆ, ಇವತ್ತು ತಡವಾಯಿತು ಅಂದುಕೊಂಡೆ. ಅಷ್ಟೇ ಅಂದುಕೊಂಡದ್ದು. ಆಮೇಲೆ ಎಷ್ಟೋ ಸಲ ಆ ಸಂಜೆಯನ್ನು ಮನಸ್ಸಿನಲ್ಲಿ ಹಿಂದಕ್ಕೆ ಹಿಂದಕ್ಕೆ ನಡೆಸಿದ್ದೇನೆ. ಪ್ರತಿ ಸಲವೂ ಅದು ಆ ಮುಚ್ಚದ ಬಾಗಿಲಿಗೇ ಬಂದು ನಿಲ್ಲುತ್ತದೆ.

ಈಗ ಇದನ್ನು ಬರೆಯಲು ಕೂತದ್ದು ಒಂದು ವಾಸನೆಯ ದೆಸೆಯಿಂದ. ಹೋದ ವಾರ ಧಾರವಾಡದಲ್ಲಿ ಮಳೆಗೆ ಸಿಕ್ಕು ಒಂದು ಅರಿವೆ ಅಂಗಡಿಯ ಕಟ್ಟೆ ಏರಿ ನಿಂತಿದ್ದೆ. ಸೋರುವ ಮಾಡಿನ ಕೆಳಗಿಂದ ಅಂಗಡಿಯವರು ಹೊಸ ಸೀರೆಗಳನ್ನು ಗಡಬಡಿಸಿ ಒಳಗೆ ಎತ್ತಿಡುತ್ತಿದ್ದರು. ಗಂಜಿ ಹಾಕಿದ ಹೊಸ ಸೀರೆ ನೆನೆದರೆ ಹುಳಿ ಅಂಬಲಿಯಂಥದೊಂದು ವಾಸನೆ ಬರುತ್ತದೆ, ಅದರೊಳಗೆ ಬಣ್ಣದ ಸಣ್ಣ ಕಹಿ. ಅದು ಮೂಗಿಗೆ ಬಡಿದದ್ದೇ ನಾನು ಕಟ್ಟೆಯ ಕಂಬ ಹಿಡಿದುಕೊಂಡೆ. ಅಂಗಡಿಯಾತ ಸ್ಟೂಲು ಕೊಟ್ಟು ಕೂಡ್ರಿಸಿದ, ನೀರು ಬೇಕೇನ್ರೀ ಎಂದು ಕೇಳಿದ. ನೀರು ಬೇಡವೆಂದೆ.

ಜಮಖಂಡಿ ಸಂಸ್ಥಾನ ಹೋಗಿ ನಾವು ಮುಂಬಯಿ ರಾಜ್ಯದವರಾಗಿ ಕೆಲವು ವರ್ಷ ಕಳೆದಿದ್ದವು. ಸಾಂಗಲಿಯಲ್ಲಿ ಬಿ.ಎ. ಮುಗಿಸಿ ಬಂದ ನನಗೆ ರಬಕವಿಯ ಹೆಣ್ಣುಮಕ್ಕಳ ಸಾಲೆಯಲ್ಲಿ ಕೆಲಸ ಸಿಕ್ಕಿತ್ತು. ಮನೆ ಜಮಖಂಡಿಯಲ್ಲಿ. ದಿನಾ ಹೋಗಿ ಬರುವುದು ಹೇಗೆ ಎಂಬುದೇ ದೊಡ್ಡ ಪ್ರಶ್ನೆ. ಮೊದಲಿದ್ದ ಖಾಸಗಿ ಮೋಟಾರಿಗೆ ಹೊತ್ತು ಗೊತ್ತು ಇರಲಿಲ್ಲ. ಒಳಗೆ ಕಟ್ಟಿಗೆಯ ಹಲಗೆ, ಮೇಲೆ ಮಂದಿ, ಹಿಂದೆ ಏಣಿಗೆ ಜೋತವರು. ಸಂಸ್ಥಾನದ ಕಚೇರಿಯಲ್ಲಿ ಗುಮಾಸ್ತರಾಗಿದ್ದ ಅಪ್ಪ, ಮಗಳನ್ನು ಆ ಗಾಡಿಗೆ ಹತ್ತಿಸುವುದಿಲ್ಲ ಎಂದು ಕಡ್ಡಿ ಮುರಿದ ಹಾಗೆ ಹೇಳಿದ್ದರು. ಅದೇ ಬೇಸಗೆಯಲ್ಲಿ ಹೊಸ ಮೋಟಾರು ಬಂತು.

ಕುಡಚಿ ಸ್ಟೇಶನ್ನಿನಲ್ಲಿ ಮಿರಜದ ರೈಲಿಗೆ ಕೂಡುವಂತೆ ಅದರ ವೇಳೆ ಇಟ್ಟಿದ್ದರು. ಹಾಗಾಗಿ ಮಂದಿ ಅದನ್ನು ರೈಲ ಮೋಟಾರ ಎಂದೇ ಕರೆದರು. ನೀಲಿ ಬಣ್ಣ, ಎರಡೂ ಕಡೆ ಇಬ್ಬಿಬ್ಬರು ಕೂಡುವ ಗಾದಿಯ ಸೀಟು, ನಡುವೆ ಓಡಾಡಲು ಓಣಿ, ಕಿಟಕಿಗೆ ಎರಡೆರಡು ಕಬ್ಬಿಣದ ಸರಳು, ಉದ್ದಕ್ಕೂ ಎಳೆದ ಗಂಟೆಯ ಹಗ್ಗ, ಹಿಂದೆ ಒಂದೇ ಬಾಗಿಲು. ಡ್ರೈವರನಿಗೆ ಮುಂದೆ ಬೇರೆ ಖೋಲಿ, ನಡುವೆ ಜಾಳಿಗೆ ಹಾಕಿದ ಹಲಗೆ ಗೋಡೆ. ಮೊದಲ ವಾರ ಅನೇಕರು ಮೆಟ್ಟು ಕೆಳಗೆ ಬಿಟ್ಟು ಬರಿಗಾಲಲ್ಲಿ ಹತ್ತಿದರು. ಗಾದಿ ಇದ್ದಲ್ಲಿ ಮೆಟ್ಟು ಹಾಕಿಕೊಂಡು ಹೋಗುವುದು ಅವರಿಗೆ ತಿಳಿಯದು. ಗಾಡಿ ಹೊರಟ ಮೇಲೆ ಬನಹಟ್ಟಿ ಸ್ಟ್ಯಾಂಡಿನಲ್ಲಿ ಅನಾಥವಾಗಿ ಉಳಿದ ಮೆಟ್ಟುಗಳನ್ನು ರಾಜೇಸಾಬ ಮರುದಿನ ಚೀಲದಲ್ಲಿ ತುಂಬಿಕೊಂಡು ಬಂದು, ಹೆಸರು ಕೂಗಿ ಕೂಗಿ ಹಂಚಿದ್ದ.

ರಾಜೇಸಾಬ ಮುಧೋಳದವನು. ಬಡಕಲು ಮೈ, ಬಾಯಿ ಮಾತ್ರ ಭಾರಿ. ಗಾಡಿಯ ಮುಂದಿನ ಗೋಡೆಯ ಮೇಲೆ ಇಷ್ಟು ಮಂದಿಗೆ ಮಾತ್ರ ಜಾಗ ಎಂದು ಬಣ್ಣದಲ್ಲಿ ಬರೆದಿದ್ದನ್ನು ಯಾರೋ ತೋರಿಸಿ ಜಗಳ ತೆಗೆದರೆ, ಅದು ಕುಂಡಿ ಲೆಕ್ಕರಿ, ನಿಂತವರ ಲೆಕ್ಕ ಅದರಾಗ ಬರೂದಿಲ್ಲ ಎನ್ನುತ್ತಿದ್ದ. ಹೆಣ್ಣುಮಕ್ಕಳು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು.

ಮೊದಮೊದಲು ಆ ಸುಖವೇ ಸುಖ. ಎಲ್ಲರಿಗೂ ಹೊತ್ತಿಗೆ ಸರಿಯಾಗಿ ಹೋಗುವ ಚಟ ಹತ್ತಿತು. ಮಳೆಗಾಲ ಬರುವ ಹೊತ್ತಿಗೆ ಬೆಳಗಿನ ಗಾಡಿಯಲ್ಲಿ ಕಚೇರಿಯವರು, ಸಾಲೆಯವರು, ಆಸ್ಪತ್ರೆಗೆ ಹೋಗುವವರು. ಸಂಜೆಯ ಗಾಡಿಯಲ್ಲಿ ರೈಲಿಳಿದು ಬಂದವರ ಜೊತೆ ನೇಕಾರರು. ಗಾದಿಯ ಸೀಟಿನಲ್ಲಿ ಇಬ್ಬರ ಜಾಗಕ್ಕೆ ಮೂವರು ಕೂತರು. ನಾಲ್ಕನೆಯವರು ಬಂದರೆ ಅವರಿಗೂ ಸರಿದು ಕೊಟ್ಟರು. ಬರುವವರನ್ನು ಬರಬೇಡಿ ಎನ್ನುವುದು ನಮ್ಮ ಕಡೆ ಯಾರ ಬಾಯಿಗೂ ಬರುತ್ತಿರಲಿಲ್ಲ. ತೇರದಾಳದ ಜೈನ ವ್ಯಾಪಾರಿಯೊಬ್ಬರು ಹೊತ್ತು ಮುಳುಗುವುದರೊಳಗೆ ಉಣಬೇಕು; ಅವರು ಬುತ್ತಿ ಬಿಚ್ಚಿದರೆ ಅಂಥ ಗದ್ದಲದಲ್ಲೂ ಸುತ್ತಲಿನವರು ಉಸಿರು ಹಿಡಿದು ಮೊಣಕೈ ಆಡಿಸುವಷ್ಟು ಜಾಗ ಮಾಡುತ್ತಿದ್ದರು. ಆ ಒಳ್ಳೆಯತನದಲ್ಲಿ ಯಾವುದು ತಪ್ಪಾಯಿತು ಎಂದು ಈಗಲೂ ಹೇಳಲು ಬರುವುದಿಲ್ಲ.

ಗಂಟುಗಳ ಮಾತು ಹೇಳಬೇಕು. ಬನಹಟ್ಟಿ, ರಬಕವಿಯ ನೇಕಾರರು ನೇಯ್ದ ಸೀರೆಗಳನ್ನು ಜಮಖಂಡಿ ಪೇಟೆಗೆ ತರುವುದು ಸಂತೆಯ ಹಿಂದಿನ ಸಂಜೆ. ಮಡಿಚಿದ ಸೀರೆಗಳನ್ನು ಬಿಳಿ ಅರಿವೆಯಲ್ಲಿ ಕಟ್ಟಿದ ಗಂಟು, ಒಬ್ಬೊಬ್ಬರದೂ ಒಂದು ಮಗುವಿನಷ್ಟು ಭಾರ. ಗಾಡಿಯ ಮೇಲೆ ಅವನ್ನು ಹೇರುವಂತಿಲ್ಲ. ಮಳೆ ಬಿದ್ದರೆ ಬಣ್ಣ ಬಿಡುತ್ತದೆ, ಮೇಲೆ ಘಾಸಲೇಟ ಎಣ್ಣೆಯ ಡಬ್ಬಿ, ಕೋಳಿ ಬುಟ್ಟಿ, ಮಂದಿಯ ಮೆಟ್ಟು. ಹಾಗಾಗಿ ಗಂಟುಗಳು ಸೀಟುಗಳ ನಡುವಿನ ಓಣಿಯಲ್ಲಿ, ಒಂದರ ಮೇಲೊಂದು, ಹಿಂದಿನ ಬಾಗಿಲಿನಿಂದ ಮುಂದಿನ ಗೋಡೆಯವರೆಗೆ ಕೂಡುತ್ತಿದ್ದವು.

ಮತ್ತು ಅವನ್ನು ಯಾರೂ ತುಳಿಯುತ್ತಿರಲಿಲ್ಲ. ಮಗ್ಗದಿಂದ ಇಳಿದ ಸೀರೆ, ಒಬ್ಬ ಹೆಣ್ಣುಮಗಳು ಉಟ್ಟು ಮಡಿಕೆ ಮುರಿಯುವ ತನಕ, ದೇವಿ. ಕಾಲು ತಾಗಿದರೆ ಬಗ್ಗಿ ಗಂಟನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು. ನೇಕಾರರಷ್ಟೇ ಅಲ್ಲ, ಆ ಗಾಡಿಯಲ್ಲಿ ಬರುವ ಕುರುಬರು, ಜೈನರು, ಮುಸಲ್ಮಾನರು, ನಾನು, ಎಲ್ಲರೂ ಹಾಗೆಯೇ ಮಾಡುತ್ತಿದ್ದೆವು. ಗಾಡಿ ಒಂದೊಂದು ತಗ್ಗಿಗೆ ಜಿಗಿದಾಗಲೂ ನಿಂತವರು ಸಾಲಾಗಿ ಬಗ್ಗಿ ಏಳುವುದನ್ನು ನೋಡಿ ರಾಜೇಸಾಬ, ಟಿಕೀಟ ಹರಿಯೂದಕ್ಕಿಂತ ನಮಸ್ಕಾರ ಮಾಡೂದ ಜಾಸ್ತಿ ಆಗೇತಿ, ನಮ್ಮ ಸಾಹೇಬರು ಇದಕ್ಕೂ ಪಗಾರ ಕೊಟ್ಟರ ಛಲೋ ಎಂದಿದ್ದ. ಆದರೆ ಅವನೂ ಓಣಿಯಲ್ಲಿ ಬರುವಾಗ ಸೀಟಿನ ಕೆಳಗಿನ ಕಬ್ಬಿಣದ ಪಟ್ಟಿಯ ಮೇಲೆ ಅತ್ತ ಒಂದು ಕಾಲು, ಇತ್ತ ಒಂದು ಕಾಲು ಇಟ್ಟು ಬರುತ್ತಿದ್ದ. ಟಿಕೀಟು ಕೊಡುವ ಆ ನಡಿಗೆಯನ್ನು ಹುಡುಗಿಯರು ನನ್ನ ಸಾಲೆಯಲ್ಲಿ ಅಣಕಿಸುತ್ತಿದ್ದರು.

ಕಾಶವ್ವ ನನ್ನ ಪಕ್ಕದ ಸೀಟಿನವಳು. ಬನಹಟ್ಟಿಯವಳು, ಐವತ್ತು ದಾಟಿದ ಹೆಂಗಸು, ಒಂದು ಮೊಣಕಾಲು ಮಡಚಲು ಬರುತ್ತಿರಲಿಲ್ಲ. ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ಎಳೆಗಳ ಹಾಸು ಮುಗಿಯುತ್ತ ಬಂದಾಗ ಹಳೆಯ ಹಾಸಿನ ಒಂದೊಂದು ಎಳೆಗೂ ಹೊಸದರ ಒಂದೊಂದು ಎಳೆ ಸೇರಿಸಿ ಹೊಸೆಯಬೇಕು. ಅದಕ್ಕೆ ಕೆಚ್ಚುವುದು ಎನ್ನುತ್ತಾರೆ. ಸಾವಿರಾರು ಎಳೆ. ಬೆರಳಿಗೆ ಬೂದಿ ಹಚ್ಚಿಕೊಂಡು ಕೆಚ್ಚುವುದರಲ್ಲಿ ಆಕೆಯದು ಎತ್ತಿದ ಕೈ. ಜಮಖಂಡಿಯ ಮಗ್ಗದ ಮನೆಗಳವರು ಕರೆದರೆ ಸಂಜೆ ಗಾಡಿಗೆ ಬಂದು, ನೆಂಟರ ಮನೆಯಲ್ಲಿ ಮಲಗಿ, ಬೆಳಗಿನ ಬೆಳಕಿನಲ್ಲಿ ಕೆಚ್ಚಿ, ಹಿಂದಿರುಗುತ್ತಿದ್ದಳು. ಅವಳಿಗಿಂತ ಮೊದಲು ರಬಕವಿಯಲ್ಲಿ ಹತ್ತುವ ನಾನು ಮುಂದಿನ ಸಾಲಿನ ಕಿಟಕಿಯ ಸೀಟನ್ನು ಅವಳಿಗಾಗಿ ಹಿಡಿದಿಡುತ್ತಿದ್ದೆ. ಮುಂದೆ ಕುಲುಕಾಟ ಕಡಿಮೆ, ಮೊಣಕಾಲು ನೀಡಲು ಅಂಗೈಯಷ್ಟು ಜಾಗ ಹೆಚ್ಚು.

ಅವಳಿಗೆ ನನ್ನ ಮದುವೆಯದೇ ಚಿಂತೆ. ಗಾಡಿಯಲ್ಲಿ ಯಾರಾದರೂ ಕನ್ನಡಕದ ಹುಡುಗ ಕಂಡರೆ ಮೊಣಕೈಯಿಂದ ತಿವಿಯುತ್ತಿದ್ದಳು. ನಾನು ಸುಮ್ಮನೆ ಕೂತರೆ, ಇಷ್ಟ ಪುಸ್ತಕ ಓದಿ ಕಣ್ಣ ಹಾಳ ಮಾಡಿಕೊಂಡಾಂವ ನಿನ್ನ ಮಾರಿ ಹ್ಯಾಂಗ ನೋಡ್ಯಾನು, ಬ್ಯಾಡ ಬಿಡು ಎಂದು ತಾನೇ ಸಂಬಂಧ ಮುರಿಯುತ್ತಿದ್ದಳು. ಓಣಿಯಲ್ಲಿನ ಗಂಟುಗಳನ್ನು ನೋಡಿ ಇದು ಯಾರ ಮನೆಯದು, ಅದರೊಳಗಿನ ಯಾವ ಹಾಸು ತಾನು ಕೆಚ್ಚಿದ್ದು ಎಂದು ಹೇಳುವುದು ಅವಳ ಇನ್ನೊಂದು ಮಾತು. ಅವಳ ಮಾತಿನಿಂದ ಆ ದಾರಿ ನನಗೆ ಎಂದೂ ಉದ್ದ ಅನಿಸಲಿಲ್ಲ.

ಬನಹಟ್ಟಿಗೂ ಜಮಖಂಡಿಗೂ ನಡುವೆ ಒಂದು ಹಳ್ಳ ಇತ್ತು. ಮೇಲೆ ಸೇತುವೆ ಇರಲಿಲ್ಲ, ತಳಕ್ಕೆ ಕಲ್ಲು ಹಾಸಿದ ಫರಶಿ ದಾರಿ. ಹರಿಯುವ ನೀರಿದ್ದರೆ ಗಾಡಿ ನಿಲ್ಲಿಸಿ ಮಂದಿಯನ್ನು ಇಳಿಸಿ, ಖಾಲಿ ಗಾಡಿಯನ್ನು ದಾಟಿಸಿ, ಆಚೆ ದಂಡೆಯಲ್ಲಿ ಮತ್ತೆ ಹತ್ತಿಸಿಕೊಳ್ಳುವುದು ಡ್ರೈವರ್ ಬಾಳಪ್ಪನ ಪದ್ಧತಿ. ಆ ಮಳೆಗಾಲದಲ್ಲಿ ಎಷ್ಟೋ ಸಲ ಹಾಗೆ ಮಾಡಿದ್ದೆವು. ಹೆಂಗಸರು ಸೀರೆ ಎತ್ತಿಕೊಂಡು ನಗುತ್ತ ದಾಟುವುದು ಒಂದು ಆಟದಂತಿತ್ತು. ಕಾಶವ್ವನನ್ನು ಮಾತ್ರ ರಾಜೇಸಾಬ ಕೈ ಹಿಡಿದು ದಾಟಿಸುತ್ತಿದ್ದ.

ಆ ಸಂಜೆ ಹಸ್ತದ ಮಳೆಯ ದಿನಗಳು. ದಸರೆ ಹತ್ತಿರ ಬಂದಿತ್ತು, ಹಬ್ಬಕ್ಕೆ ಸೀರೆ ಬೇಕೆಂದು ಪೇಟೆಯವರು ಅವಸರ ಮಾಡಿದ್ದರು. ರೈಲು ತಡವಾಗಿ ಬಂದುದರಿಂದ ಕುಡಚಿಯಿಂದಲೇ ಗಾಡಿ ಅರ್ಧಕ್ಕಿಂತ ಹೆಚ್ಚು ತುಂಬಿತ್ತು. ಬನಹಟ್ಟಿಯಲ್ಲಿ ನೇಕಾರರ ಹಿರಿಯ ಚನಮಲ್ಲಪ್ಪ ತನ್ನ ಓಣಿಯವರೆಲ್ಲರ ಗಂಟು ತಂದು ನಿಂತಿದ್ದ. ಬಿಟ್ಟು ಹೋಗುತ್ತೇನೆ ಎನ್ನುವ ಮನಸ್ಸು ರಾಜೇಸಾಬನಿಗೂ ಇರಲಿಲ್ಲ, ಬಿಟ್ಟು ಹೋಗಿರಿ ಎನ್ನುವ ಮನಸ್ಸು ನಮಗೂ ಇರಲಿಲ್ಲ. ಸೀಟುಗಳ ನಡುವೆ ಗಂಟುಗಳು ಸೀಟಿನ ಎತ್ತರಕ್ಕೆ ಬಂದವು. ಬಾಗಿಲು ಮುಚ್ಚಲಿಲ್ಲ.

ಹಳ್ಳದ ದಂಡೆಗೆ ಬಂದಾಗ ನಮ್ಮ ಮೇಲೆ ಮಳೆ ಇರಲಿಲ್ಲ. ಮುಧೋಳದ ಕಡೆಯ ಮುಗಿಲು ಮಾತ್ರ ಕಪ್ಪಾಗಿತ್ತು. ಫರಶಿಯ ಮೇಲೆ ಪಾದ ಮುಳುಗುವಷ್ಟು ನೀರು. ಬಾಳಪ್ಪ ಇಳಿದು ನೋಡಿ ಬಂದು, ಇಳೀರಿ ಎಂದ. ರಾಜೇಸಾಬ ಬಾಗಿಲ ಹಗ್ಗ ಬಿಚ್ಚಿದ, ಹತ್ತಿರ ನಿಂತವರು ಇಳಿದರು. ಒಳಗಿದ್ದವರು ಇಳಿಯುವುದು ಹೇಗೆ? ಗಂಟುಗಳನ್ನೆಲ್ಲ ಇಳಿಸಿ, ದಾಟಿಸಿ, ಮತ್ತೆ ಹೇರಬೇಕು. ಚನಮಲ್ಲಪ್ಪ ಕಿಟಕಿಯಿಂದ ಬಗ್ಗಿ ನೀರು ನೋಡಿ, ಇಷ್ಟಕ್ಕ ಗಂಟ ಇಳಸೂದು ಏರಸೂದು ಅಂದರ ಕತ್ತಲ ಆಕ್ಕೈತಿ ತಮ್ಮಾ, ಸಾವಕಾಶ ಹೋಗು ಎಂದ. ಹೌದೆಂದು ಎಲ್ಲರೂ ಅಂದರು. ಕಾಶವ್ವನೂ ಅಂದಳು. ಬಾಳಪ್ಪ ಒಂದು ಗಳಿಗೆ ನಿಂತ. ಆಮೇಲೆ ಹತ್ತಿ ಗೇರು ಹಾಕಿದ.

ನಡುವಿಗೆ ಬಂದಾಗ ಮುಂದಿನ ಎಡಗಾಲಿ ಫರಶಿಯ ಅಂಚು ಬಿಟ್ಟು ಕುಸಿಯಿತು. ಗಾಡಿ ಒಂದು ಕಡೆ ವಾಲಿ ಇಂಜಿನ್ ಸತ್ತುಹೋಯಿತು. ಯಾರೂ ಅಂಜಲಿಲ್ಲ. ನೂಕಬೇಕೆಂದು ಗಂಡಸರು ಹಿಂದಿನಿಂದ ಇಳಿಯತೊಡಗಿದರು, ಹುಡುಗರು ಸೀಟಿನ ಬೆನ್ನು ಹಿಡಿದು ಹಾರಿ ಹಾರಿ ಹೋದರು. ಆಗ ನೀರಿನ ಸಪ್ಪಳ ಬದಲಾಯಿತು. ಅದನ್ನು ಹೇಗೆ ಹೇಳಲಿ, ಗಿರಣಿಯೊಂದು ದೂರದಲ್ಲಿ ಶುರುವಾದ ಹಾಗೆ. ಬಾಳಪ್ಪ ತನ್ನ ಖೋಲಿಯ ಬಾಗಿಲಿನಿಂದ ಜಿಗಿದು, ಮೇಲಿಂದ ಹಳ್ಳ ಬಂತು ಎಂದು ಕೂಗಿದ. ನಾನು ಕೆಳಗೆ ನೋಡಿದೆ. ಹಲಗೆಗಳ ಸಂದಿನಿಂದ ಕೆಂಪು ನೀರು ಏಳುತ್ತಿತ್ತು.

ಚನಮಲ್ಲಪ್ಪ ನಡುವಿನ ಸೀಟಿನಲ್ಲಿದ್ದ. ಅವನೇ ಎದ್ದು, ಗಂಟ ಮೊದಲ ಕೊಡ್ರಿ, ದಾರಿ ಆಗಲಿ ಎಂದ. ಅದು ತಪ್ಪು ಮಾತೆಂದು ಆ ಹೊತ್ತಿನಲ್ಲಿ ನನಗೆ ಅನಿಸಲಿಲ್ಲ, ಇಂದೂ ಪೂರ್ತಿ ಅನಿಸುವುದಿಲ್ಲ. ಗಂಟು ಹೋದರೆ ದಾರಿ ತೆರೆಯುತ್ತದೆ, ಖರೆ. ನೀರಿನಲ್ಲಿ ಸೊಂಟದ ಮಟ್ಟ ನಿಂತ ಗಂಡಸರು ಬಾಗಿಲಿನಿಂದ ದಂಡೆಯವರೆಗೆ ಕೈಗೆ ಕೈ ಕೂಡಿಸಿ ಸಾಲು ಮಾಡಿದರು. ಹಿಂದಿನ ಗಂಟು ಮೊದಲು ಹೋಯಿತು, ಆಮೇಲೆ ಅದರ ಮುಂದಿನದು. ತಲೆಯ ಮೇಲಿಂದ, ಕೈಯಿಂದ ಕೈಗೆ, ನೀರು ತಾಗದ ಹಾಗೆ. ಯಾರೂ ಎಳೆದಾಡಲಿಲ್ಲ, ಯಾರೂ ಒದರಲಿಲ್ಲ. ಇವು ಯಾರವು, ಸಾವಕಾಶ ಹಿಡಿ, ತಲಿ ಮ್ಯಾಲೆ ಇಟ್ಟಕೋ ಎಂಬಷ್ಟೇ ಮಾತು. ನಾನೂ ಎದುರಿಗಿದ್ದ ಗಂಟುಗಳನ್ನು ಎತ್ತಿ ಹಿಂದಕ್ಕೆ ಕೊಟ್ಟೆ. ಪ್ರತಿ ಗಂಟಿನ ಜೊತೆ ಕೆಲವರು ಸೀಟಿನ ಬೆನ್ನು ದಾಟಿ ಹೊರಗೆ ಹೋಗುತ್ತಿದ್ದರು. ಮುಂದಿನ ಸಾಲಿನ ಕೆಳಗಿನ ಗಂಟುಗಳು ನೆನೆದು ಕಲ್ಲಾದವು. ಅವನ್ನು ಎತ್ತಲು ನನ್ನಿಂದ ಆಗಲಿಲ್ಲ. ವಾಸನೆ ಎದ್ದದ್ದು ಆಗ.

ರಾಜೇಸಾಬ ಒಳಗೆ ಬಂದ, ಅತ್ತ ಇತ್ತ ಕಬ್ಬಿಣದ ಪಟ್ಟಿಯ ಮೇಲೆ ಕಾಲಿಟ್ಟು, ದಿನದ ಹಾಗೆಯೇ. ನನ್ನ ರಟ್ಟೆ ಹಿಡಿದು ಸೀಟಿನ ಬೆನ್ನ ಮೇಲೆ ಏರಿಸಿದ. ನಾನು ಕಾಶವ್ವನ ಕೈ ಹಿಡಿದಿದ್ದೆ. ಆಕೆ, ನೀ ನಡೀ, ನನ್ನ ಕಾಲ ನಿನಗ ಅಡ್ಡ ಆಕ್ಕೈತಿ, ನಾ ಬರತೇನಿ ಎಂದು ಕೈ ಬಿಡಿಸಿಕೊಂಡಳು. ನಾನು ಸೀಟುಗಳ ಮೇಲೆ ಹಾಯ್ದು ಬಾಗಿಲಿಗೆ ಬಂದು ತಿರುಗಿ ನೋಡಿದೆ. ನೀರು ಗಾದಿಗೆ ಹತ್ತಿತ್ತು. ಆ ಮೊಣಕಾಲಿನಿಂದ ಸೀಟಿನ ಬೆನ್ನು ಏರುವುದು ಅವಳಿಂದ ಆಗದು. ಓಣಿಯಲ್ಲಿ ಉಳಿದ ಮೂರು ಗಂಟುಗಳ ಮೇಲೆ ಮೂರು ಹೆಜ್ಜೆ ಇಟ್ಟರೆ, ನನ್ನನ್ನು ದಾಟಿಸುತ್ತ ಹಿಂದೆ ಸರಿದಿದ್ದ ರಾಜೇಸಾಬನ ಕೈ ಸಿಗುತ್ತಿತ್ತು.

"ಗಂಟಿನ ಮ್ಯಾಲೆ ಕಾಲಿಟ್ಟ ಬಾ ಅವ್ವಾ," ಎಂದ ಆತ.

ಆಕೆ ಎದ್ದು ನಿಂತಳು. ಒಂದು ಕಾಲು ಎತ್ತಿದಳು. ಮತ್ತೆ ಇಳಿಸಿದಳು.

"ಇದು ನನ್ನ ಕೈಲೆ ಕೆಚ್ಚಿದ್ದಪಾ. ಕಾಲ ಹ್ಯಾಂಗ ಇಡ್ಲಿ?"

ಅಷ್ಟು ಸಾದಾ ದನಿ. ಚಹಾ ಬೇಡ ಎಂದ ಹಾಗೆ. ರಾಜೇಸಾಬ ಬಗ್ಗಿ ಆ ಗಂಟನ್ನೇ ಎರಡೂ ಕೈಯಿಂದ ಕಿತ್ತು ಎತ್ತಿ, ಹಿಂದೆ ನಿಂತವನ ಕೈಗೆ ಕೊಡಲು ತಿರುಗಿದ. ಅದೇ ಗಳಿಗೆಗೆ ಗಾಡಿ ಅಲುಗಿತು, ಯಾರೋ ಕೆಳಗಿನಿಂದ ಎತ್ತಿದ ಹಾಗೆ. ಆಮೇಲೆ ಫರಶಿಯ ಅಂಚಿನಿಂದ ಆಚೆ ಮೆಲ್ಲಗೆ ಮಗ್ಗುಲಾಯಿತು. ನನ್ನನ್ನು ಸಾಲಿನಲ್ಲಿದ್ದ ಒಬ್ಬರು ಜಡೆ ಹಿಡಿದು ಎಳೆದುಕೊಂಡರು. ರಾಜೇಸಾಬ ಬಾಗಿಲಿನ ಹಗ್ಗ ಹಿಡಿದು ಹೊರಗೆ ಬಂದ. ಮುಂದಿನ ಕಿಟಕಿಯ ಸರಳುಗಳ ಮೇಲೆ ನೀರು ಹರಿಯುತ್ತಿತ್ತು.

ಕಾಶವ್ವ ಮರುದಿನ ಸಿಕ್ಕಳು, ಹಳ್ಳ ತಿರುಗುವಲ್ಲಿ ಒಂದು ಜಾಲಿ ಗಿಡದ ಬುಡದಲ್ಲಿ. ಮಿಕ್ಕವರೆಲ್ಲ ಬದುಕಿ ಉಳಿದೆವು. ಅಷ್ಟು ಮಂದಿ ತುಂಬಿದ ಗಾಡಿಯಲ್ಲಿ ಒಂದೇ ಜೀವ ಹೋಯಿತು, ದೇವರು ದೊಡ್ಡವನು ಎಂದು ಊರವರು ಅಂದರು. ನಾನು ಆ ಮಾತಿಗೆ ತಲೆ ಅಲ್ಲಾಡಿಸಲಿಲ್ಲ.

ದಂಡೆಯ ಮೇಲೆ ಗಂಟುಗಳು ಸಾಲಾಗಿ ಕೂತಿದ್ದವು. ರಾತ್ರಿ ಜಮಖಂಡಿಯಿಂದ ಕಂದೀಲು, ಎತ್ತಿನ ಗಾಡಿಗಳು ಬಂದಾಗ ಮೊದಲು ಕಂಡದ್ದು ಅವೇ ಬಿಳಿ ಗಂಟುಗಳು. ಹೊರಗೆ ಹೋದವೆಲ್ಲ ಒಣಗಿಯೇ ಇದ್ದವು. ಒಂದಕ್ಕೂ ಹನಿ ನೀರು ತಾಗಿರಲಿಲ್ಲ. ಚನಮಲ್ಲಪ್ಪ ಅವುಗಳ ನಡುವೆ ಕೂತು, ಒಂದನ್ನೂ ಮುಟ್ಟದೆ, ಹಣೆಯನ್ನು ಮೊಣಕಾಲಿಗಿಟ್ಟುಕೊಂಡಿದ್ದ. ಆ ಸಲದ ದಸರೆಗೆ ಆ ಸೀರೆಗಳನ್ನು ಪೇಟೆಗೆ ಒಯ್ಯಲು ಅವನ ಓಣಿಯವರು ಒಪ್ಪಲಿಲ್ಲವೆಂದು ಆಮೇಲೆ ಕೇಳಿದೆ. ಬಹಳ ದಿನ ಮನೆಗಳಲ್ಲಿ ಹಾಗೇ ಇದ್ದವಂತೆ.

ಪೊಲೀಸ್ ಫೌಜದಾರರು ಬಂದರು, ಕೇಳಿದರು, ಹೋದರು. ಹದಿನೈದು ದಿನದೊಳಗೆ ಇನ್ನೊಂದು ಗಾಡಿ ಬಂತು. ಅದರ ಮಾಡಿನ ಮೇಲೆ ಸುತ್ತಲೂ ಕಬ್ಬಿಣದ ಕಟಾಂಜನ ಕಟ್ಟಿ, ಗಂಟುಗಳಿಗೆಂದೇ ಬೇರೆ ಭಾಗ ಮಾಡಿ, ಮಳೆ ತಾಗದಂತೆ ಮುಚ್ಚಲು ದಪ್ಪ ತಾಡಪತ್ರಿ ಕೊಟ್ಟಿದ್ದರು. ಅಷ್ಟೇ. ಒಂದು ತಾಡಪತ್ರಿ. ಒಂದು ತಾಡಪತ್ರಿ ಕೇಳಬೇಕೆಂದು ಆ ಮಳೆಗಾಲವಿಡೀ ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಸರಿದು ಕೂಡುವುದೊಂದೇ ನಮಗೆ ಗೊತ್ತಿದ್ದ ಉಪಾಯ.

ನನಗೆ ನಿದ್ದೆ ಬರದಾಯಿತು. ಕಣ್ಣು ಮುಚ್ಚಿದರೆ ಅವಳು ಕಾಲು ಎತ್ತುವುದು, ಇಳಿಸುವುದು. ಎತ್ತಿದ ಕಾಲನ್ನು ಮುಂದೆ ಇಡುವಂತೆ ಮಾಡಲು ನಾನು ಮನಸ್ಸಿನಲ್ಲಿ ಎಷ್ಟೋ ಪ್ರಯತ್ನ ಮಾಡಿದೆ. ಅಪ್ಪ ಹಾಸಿಗೆಯ ಹತ್ತಿರ ಕುರ್ಚಿ ಹಾಕಿಕೊಂಡು ಕೂಡುತ್ತಿದ್ದರು. ಒಂದು ದಿನ, ನೌಕರಿ ಬಿಟ್ಟಬಿಡವಾ, ಎಂದರು. ಕೂಡಲೇ ತಾವೇ, ಬ್ಯಾಡ, ಬಿಡಬ್ಯಾಡ ಎಂದರು. ದಸರೆ ಸೂಟಿ ಮುಗಿದ ಮೇಲೆ ನಾನು ಗಾಡಿ ಹತ್ತಲಾರದೆ ರಬಕವಿಯಲ್ಲೇ ನಮ್ಮ ಸಾಲೆಯ ಮುಖ್ಯ ಶಿಕ್ಷಕಿ ದೊಡ್ಡ ಅಕ್ಕಾವರ ಮನೆಯಲ್ಲಿ ಒಂದು ಖೋಲಿ ಹಿಡಿದೆ. ಅಲ್ಲಿಯೂ ನಿದ್ದೆ ಇರಲಿಲ್ಲ. ರಾತ್ರಿ ಓಣಿಯ ಮಗ್ಗಗಳು ನಿಂತ ಮೇಲೆ ಹಳ್ಳದ ಆ ಗಿರಣಿಯ ಸಪ್ಪಳ ಶುರುವಾಗುತ್ತಿತ್ತು.

ರಾಜೇಸಾಬ ವರ್ಗ ಕೇಳಿಕೊಂಡು ಬೀಳಗಿಯ ಕಡೆಯ ದಾರಿಗೆ ಹೋದ. ಹೋಗುವ ಮೊದಲು ಸಾಲೆಗೆ ಬಂದು ನನ್ನನ್ನು ಕಂಡ. ಕಾಶವ್ವನ ಗಂಡ ಈರಪ್ಪನ ಮನೆಗೆ ಹೋಗಿ ಬಂದೆ ಎಂದ. ಕಡೆಯಲ್ಲಿ ಆಕೆ ಏನಂದಳು ಎಂದು ಮುದುಕ ಕೇಳಿದನಂತೆ. ಮಲ್ಲಯ್ಯ ದೇವರ ಹೆಸರ ಹೇಳಿದ್ಳು ಅಂದೇನ್ರಿ ಅಕ್ಕಾರ, ನೀವೂ ಹಾಂಗ ಅನ್ರಿ ಎಂದ. ಆಮೇಲೆ ತನ್ನ ಎರಡೂ ಅಂಗೈ ನೋಡಿಕೊಳ್ಳುತ್ತ, ಎರಡೂ ಕೈ ಗಂಟಿಗೆ ಹಾಕಿದೆನ್ರಿ, ಒಂದ ಕೈ ಆಕೀಗೆ ಕೊಡಬೇಕಿತ್ತು ಎಂದ. ಅವನ ನಗೆಮಾತು ಆಮೇಲೆ ಬೀಳಗಿಯವರು ಕೇಳಿದರೋ ಇಲ್ಲವೋ ತಿಳಿಯದು.

ದೀಪಾವಳಿ ಕಳೆದ ಮೇಲೆ, ಒಂದು ಶನಿವಾರ ಸಾಲೆ ಬಿಟ್ಟು, ನಾನು ಬನಹಟ್ಟಿಗೆ ನಡೆದು ಹೋದೆ. ಈರಪ್ಪನ ಮನೆ ನೇಕಾರರ ಓಣಿಯ ಕೊನೆಗೆ. ಒಳಗೆ ನೆಲದ ಕುಣಿಯಲ್ಲಿ ಕಾಲಿಳಿಸಿ ಕೂತು ನೇಯುವ ಕುಣಿ ಮಗ್ಗ, ಅದರ ಮೇಲೆ ಅರ್ಧ ನೇಯ್ದ ಹಸಿರು ಸೀರೆ. ಓಣಿಯ ಎಲ್ಲ ಮನೆಗಳಲ್ಲಿ ಸಪ್ಪಳ, ಇಲ್ಲಿ ಇಲ್ಲ. ಆ ಹಾಸು ಕಾಶವ್ವ ಕೆಚ್ಚಿದ್ದು, ಅದಕ್ಕೇ ಮಾವ ಮಗ್ಗಕ್ಕೆ ಇಳಿಯುತ್ತಿಲ್ಲ ಎಂದು ಸೊಸೆ ಮೆಲ್ಲಗೆ ಹೇಳಿದಳು. ನೇಯ್ದರೆ ಮುಗಿದುಹೋಗುತ್ತದಲ್ಲ ಎನ್ನುತ್ತಾರಂತೆ. ಮನೆಯಲ್ಲಿ ಬೇರೆ ಮಗ್ಗವಿಲ್ಲ. ಮಗ ಇನ್ನೊಬ್ಬರ ಮನೆಗೆ ಕೂಲಿ ನೇಯಲು ಹೋಗಿದ್ದ.

ಈರಪ್ಪ ಸಣ್ಣ ಆಳು, ಕಿವಿ ಸ್ವಲ್ಪ ಮಂದ. ನಾನು ಯಾರೆಂದು ತಿಳಿದು, ಸೀಟ ಹಿಡೀತಿದ್ದ ಅಕ್ಕಾರು ನೀವೇನು ಎಂದು ಕೈ ಮುಗಿದ. ಆಮೇಲೆ ಕೇಳಿದ. ನನಗೆ ಗೊತ್ತಿತ್ತು ಕೇಳುತ್ತಾನೆಂದು.

"ಕಂಡಕ್ಟರ ಬಂದು, ಆಕಿ ಮಲ್ಲಯ್ಯನ ಹೆಸರ ಹೇಳಿದ್ಳು ಅಂದಾ. ಆಕಿ ಹಾಂಗೆಲ್ಲಾ ದೇವರ ಹೆಸರ ಹೇಳಾಕಿ ಅಲ್ಲರಿ. ಖರೆ ಏನಂದ್ಳು?"

ದಾರಿಯುದ್ದಕ್ಕೂ ಮಲ್ಲಯ್ಯನ ಹೆಸರನ್ನೇ ಹೇಳುವುದೆಂದು ಗಟ್ಟಿ ಮಾಡಿಕೊಂಡು ಹೋಗಿದ್ದೆ. ಅವನ ಮುಖ ನೋಡಿ ಆಗಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಎತ್ತಿದ ಕಾಲು, ಇಳಿಸಿದ ಕಾಲು, ಆ ಮಾತು. ಸೊಸೆ ಒಲೆಯ ಹತ್ತಿರ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಈರಪ್ಪ ಅಳಲಿಲ್ಲ. ಎದ್ದು ಹೋಗಿ ಮಗ್ಗದ ಕುಣಿಯ ಅಂಚಿಗೆ ಕೂತು, ಕಾಲು ಇಳಿಬಿಟ್ಟು, ಕೆಳಗಿನ ತುಳಿಯುವ ಹಲಗೆಗಳನ್ನೇ ನೋಡಿದ.

"ಅಕ್ಕಾರ, ಇಲ್ಲಿ ನೋಡ್ರಿ. ತುಳೀಲಾರದ ಒಂದ ಎಳಿನೂ ಕೂಡೂದಿಲ್ಲ. ಮುಂಜಾನಿಂದ ಸಂಜೀತನ ತುಳದ ತುಳದ ಇದನ್ನ ಮಾಡತೇವಿ. ನಲವತ್ತ ವರ್ಷ ನನ್ನ ಕಾಲ ನೋಡಿದಾಕಿ. ಒಂದ ಸಲ ನೆನಪಾಗಬಾರದಿತ್ತೇನು ಆ ಹುಚ್ಚೀಗೆ."

ದನಿ ಅಲ್ಲಿಗೆ ಒಡೆಯಿತು. ನಾನೂ ಆಗಲೇ ಅತ್ತದ್ದು, ಹಳ್ಳದ ದಂಡೆಯಲ್ಲಿ ಬರದ ಅಳು. ಅವನು ನನ್ನನ್ನು ಸಮಾಧಾನ ಮಾಡಲಿಲ್ಲ, ನಾನು ಅವನನ್ನು ಮಾಡಲಿಲ್ಲ. ಮಲ್ಲಯ್ಯನ ಹೆಸರ ಹೇಳಿದ್ಳು ಅಂದಾಗಿಂದ ಆಕಿ ಯಾರೋ ಬ್ಯಾರೆ ಹೆಂಗಸ ಆಗಿದ್ಳು, ಈಗ ನಮ್ಮಾಕಿ ಆದ್ಳು ಎಂದು ಆಮೇಲೆ ಹೇಳಿದ, ನನಗಲ್ಲ, ಮಗ್ಗಕ್ಕೆ ಹೇಳಿದ ಹಾಗೆ.

ಕತ್ತಲಾಗಿತ್ತು. ಸೊಸೆ ಬಿಡಲಿಲ್ಲ. ರೊಟ್ಟಿ, ಬದನೆಕಾಯಿ ಪಲ್ಯ ಬಡಿಸಿ, ಈ ಹೊತ್ತಿನ್ಯಾಗ ಒಬ್ಬರ ಎಲ್ಲಿಗೆ ಹೊಂಟೀರಿ ಎಂದು ತನ್ನ ಪಕ್ಕದಲ್ಲೇ ಕೌದಿ ಹಾಸಿದಳು. ಕೌದಿಗೆ ಬಿಸಿಲಿನ ವಾಸನೆ. ಹಳ್ಳದ ಸಪ್ಪಳ ಬರುತ್ತದೆಂದು ಕಾಯುತ್ತ ಮಲಗಿದ್ದೆ.

ಎಚ್ಚರವಾದಾಗ ಬಿಸಿಲು ಹೊಸ್ತಿಲು ದಾಟಿ ನನ್ನ ಪಾದದ ಮೇಲೆ ಬಂದಿತ್ತು. ಸೊಸೆ ನೀರು ತುಂಬಿಕೊಂಡು ಬಂದು, ರಾತ್ರಿ ಮಗ್ಗಲಾನೂ ಬದಲಿಸಲಿಲ್ಲರಿ ನೀವು, ಎಬ್ಬಿಸಾಕ ಮನಸ ಬರಲಿಲ್ಲ ಎಂದಳು. ಒಳಗಿನಿಂದ ಸಪ್ಪಳ ಕೇಳುತ್ತಿತ್ತು. ಈರಪ್ಪ ಕುಣಿಯೊಳಗೆ ಇಳಿದು ಕೂತು, ಒಂದು ಕಾಲು ಒತ್ತಿ ಒಂದು ಬಿಟ್ಟು, ಆ ಹಸಿರು ಸೀರೆಯನ್ನು ನೇಯುತ್ತಿದ್ದ.